ಕುಡಿತದ ಲೆಕ್ಕಕ್ಕೊಂದು ಅಂಗಿ

ನಮ್ಮ ಭಾವನಿಗೆ ಊರಿನ ಎಲ್ಲರ ಅಳತೆಯೂ ಗೊತ್ತಿತ್ತು, ತಮ್ಮದೊಂದನ್ನು ಬಿಟ್ಟು. ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದ ದರ್ಜಿ. ಬೀದಿಯಲ್ಲೆಲ್ಲ ಕೋಟು ಮಾಸ್ತರು ಎಂದೇ ಕರೆಯುತ್ತಿದ್ದರು. ಎದುರಿಗೆ ನಡೆದು ಬರುವವನ ಯಾವ ಹೆಗಲು ಇಳಿದಿದೆ ಎಂದು ದೂರದಿಂದಲೇ ಹೇಳುವ ಮನುಷ್ಯ, ಸಂಜೆ ಎಷ್ಟು ಕುಡಿದಿರಿ ಎಂದು ಕೇಳಿದರೆ ಮಾತ್ರ ವರ್ಷಗಟ್ಟಲೆ ಒಂದೇ ಉತ್ತರ ಕೊಡುತ್ತಿದ್ದರು: "ಎರಡೇ." ಎರಡು ಏನು ಎಂದು ಯಾರೂ ಕೇಳಿರಲಿಲ್ಲ. ಅವರ ಮನೆಯ ಮಹಡಿಯಲ್ಲೇ ಇರುವ ನಾನು, ಅಂದರೆ ಅವರ ಹೆಂಡತಿಯ ತಮ್ಮ, ಒಂದು ಸಂಜೆ ಆ ಎರಡನ್ನು ಕಣ್ಣಾರೆ ಕಂಡೆ. ಅವು ಲೋಟಗಳಲ್ಲ, ಚೊಂಬುಗಳು.

ಬಾಯಿ ಎರಡೇ ಎಂದರೂ ಕೈ ಒಪ್ಪಲಿಲ್ಲ. ಬೆಳಿಗ್ಗೆ ಬಟ್ಟೆಯ ಮೇಲೆ ಚಾಕ್ ಇಟ್ಟರೆ ಗೆರೆ ನಡುಗತೊಡಗಿತು. ಮೇಜಿನ ಕಾಲು ಅಲ್ಲಾಡುತ್ತಿದೆ ಎಂದರು ಭಾವ. ಬಡಗಿ ಬಂದು ಮೇಜು ಕಲ್ಲಿನಂತಿದೆ ಎಂದ. ಹಾಗಾದರೆ ನೆಲವೇ ಸರಿಯಿಲ್ಲ ಎಂದರು. ಗಾರೆಯವನು ಬಂದು ನೆಲ ತಟ್ಟಿ ನೋಡಿ, ಭಾವನ ಮುಖವನ್ನೂ ಒಮ್ಮೆ ನೋಡಿ, ಕೂಲಿಯನ್ನೂ ಕೇಳದೆ ಹೋದ.

ಕೊನೆಗೆ ವಕೀಲರೊಬ್ಬರ ಕೋಟಿನಲ್ಲಿ ಬಣ್ಣ ಬಯಲಾಯಿತು. ಎಡದ ತೋಳು ಬೆರಳುಗಳನ್ನೆಲ್ಲ ನುಂಗಿತ್ತು. ವಕೀಲರು ಕನ್ನಡಿಯ ಮುಂದೆ ನಿಂತು ಕೇಳಿದರು:

"ಮಾಸ್ತರೇ, ನನ್ನ ಎಡಗೈ ಯಾವಾಗ ಗಿಡ್ಡ ಆಯ್ತು?"

"ಎಡಗೈ ಹಾಗೇ ಇದೆ ಸಾರ್. ಫೈಲು ಹೊತ್ತು ಹೊತ್ತು ಬಲಗೈ ಇಳಿದುಬಿಟ್ಟಿದೆ."

"ಇಷ್ಟು ದಿನ ಯಾರೂ ಹೇಳಲೇ ಇಲ್ವಲ್ಲ."

"ಎದುರು ಪಾರ್ಟಿ ವಕೀಲರು ಹೇಳ್ತಾರಾ ಸಾರ್?"

ವಕೀಲರು ವಾದಕ್ಕೆ ಸೋತು ಮನೆಗೆ ಹೋದರು. ಅವರ ಹೆಂಡತಿ ಸೋಲಲಿಲ್ಲ. ಮಾರನೆಯ ದಿನ ಕೋಟು ವಾಪಸ್ಸು ಬಂತು. ಬೇರೆ ಬಟ್ಟೆ ತರುತ್ತೇನೆ, ಅದೂ ಹೀಗಾದರೆ ಬೇರೆ ದರ್ಜಿ ನೋಡಿಕೊಳ್ಳುತ್ತೇನೆ ಎಂಬ ಮಾತೂ ಜೊತೆಗೆ ಬಂತು. ಅಂದು ಭಾವ ಅಂಗಡಿಯ ಸ್ಟೂಲಿನ ಮೇಲೆ ಕೂತು ತಮ್ಮ ಬಲಗೈಯನ್ನೇ ನೋಡುತ್ತಿದ್ದರು.

"ಈ ಕೈ ಹೋದ್ರೆ ನಾನು ಯಾರಪ್ಪಾ? ಕತ್ತಿಗೆ ಟೇಪು ನೇತುಹಾಕ್ಕೊಂಡಿರೋ ಒಬ್ಬ ಗಂಡಸು, ಅಷ್ಟೇ."

ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದವನು ನಾನೇ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಎರಡೂ ಕೈ ಚಾಚಿಸಿದರು. "ಒಂದೇ ಸಲ ನಿಲ್ಲಿಸಿಬಿಡಬೇಡಿ, ನಿಮ್ಮ ಮೈ ತಡೆಯಲ್ಲ. ನಾನು ಹೇಳಿದ ಹಾಗೆ ಇಳಿಸ್ತಾ ಬನ್ನಿ. ಆದ್ರೆ ಮೊದಲು ಎಷ್ಟು ಕುಡೀತೀರಿ ಅಂತ ನಿಮಗೇ ಗೊತ್ತಾಗ್ಬೇಕು. ಸಣ್ಣ ಅಳತೆ ಲೋಟ ಇಟ್ಕೊಳ್ಳಿ. ಪ್ರತಿ ಪೆಗ್ಗಿಗೂ ಒಂದು ಗುರುತು ಹಾಕಿ, ಕಣ್ಣಿಗೆ ಬೀಳೋ ಕಡೆ."

"ಕೈ ನೆಟ್ಟಗಾಗುತ್ತಾ?"

"ಲೆಕ್ಕ ಸುಳ್ಳಾಗದಿದ್ರೆ ಆಗಬಹುದು."

ಬೇರೆಯವರಾಗಿದ್ದರೆ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ಭಾವನಿಗೆ ಗುರುತು ಎಂದರೆ ಗುಂಡಿ. ಯಾರೋ ಹೊಲಿಯಲು ಕೊಟ್ಟು ಮರೆತ ಬಿಳಿ ಅಂಗಿಯೊಂದನ್ನು ಹಜಾರದ ಗೋಡೆಗೆ ತೂಗುಹಾಕಿದರು. ಒಂದು ಪೆಗ್ಗಿಗೆ ಒಂದು ಗುಂಡಿ. ಮೊದಲು ಗುಂಡಿ, ಆಮೇಲೆ ಪೆಗ್. ಹೊಲಿಗೆಯೂ ಸಡಿಲವಾಗಿರಕೂಡದು, ಗಿರಾಕಿಗೆ ಹಾಕಿದ ಹಾಗೇ ಬಿಗಿಯಾಗಿರಬೇಕು. ಕುಡಿಯಲು ಕೂತ ಮನುಷ್ಯ ನಾಲಗೆ ಕಚ್ಚಿಕೊಂಡು ಗುಂಡಿ ಹೊಲಿಯುವುದನ್ನು ನೋಡಲು ಪಕ್ಕದ ಮನೆಯವರು ಕಿಟಕಿಯ ಪರದೆ ಸರಿಸಿದರು.

ವಾರ ಮುಗಿಯುವಷ್ಟರಲ್ಲಿ ಅಂಗಿಯ ಎದೆಯಲ್ಲಿ ಜಾಗ ಉಳಿಯಲಿಲ್ಲ. ದೀಪ ಹಾಕಿದರೆ ಮೀನಿನ ಮೈಯಂತೆ ಹೊಳೆಯುತ್ತಿತ್ತು. ಭಾರಕ್ಕೆ ಮೊಳೆ ಬಾಗಿತು. ಭಾವ ಅದರ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಂತರು.

"ಇಷ್ಟೂ ನಾನೇ ಕುಡಿದಿದ್ದಾ?"

"ಅಲ್ಲ, ನಾನು," ಎಂದಳು ಅಕ್ಕ. "ಬೆನ್ನಿನ ಕಡೆ ಇನ್ನೂ ಜಾಗ ಇದೆ. ನಾಳೆಯಿಂದ ತಿರುಗಿಸಿ ಹಾಕಿ."

ಇಳಿಸಬೇಕೆಂದು ಹೊರಟಾಗ ಒಂದು ಮೋಜು ನಡೆಯಿತು. ಮೂರನೆಯ ಗುಂಡಿಯ ಹೊತ್ತಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಭಾವ ದಾರ ಚೀಪುತ್ತಿದ್ದರು, ಹೊಸೆಯುತ್ತಿದ್ದರು, ಒಂದು ಕಣ್ಣು ಮುಚ್ಚುತ್ತಿದ್ದರು, ಆಮೇಲೆ ಇನ್ನೊಂದನ್ನು. ದಾರ ಸೂಜಿಯ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಹೋಗುತ್ತಿತ್ತು, ಒಳಕ್ಕೆ ಮಾತ್ರ ಹೋಗುತ್ತಿರಲಿಲ್ಲ.

"ಸ್ವಲ್ಪ ಪೋಣಿಸಿಕೊಡೇ."

"ನನಗೆ ಕಣ್ಣು ಕಾಣ್ಸಲ್ಲಾರೀ," ಎನ್ನುತ್ತಿದ್ದಳು ಅಕ್ಕ. ಬೀದಿಯ ಕೊನೆಯಲ್ಲಿ ಜಗಳವಾದರೆ ಯಾರು ಯಾರ ಜುಟ್ಟು ಹಿಡಿದರು ಎಂದು ಜಗಲಿಯಿಂದಲೇ ಹೇಳುವವಳು ಅವಳು. ನನ್ನನ್ನು ಕೇಳಿದರು. ನಾನು ಬಸ್ ಡಿಪೋದಲ್ಲಿ ಟೈರು ಬಿಚ್ಚುವವನು, ನನ್ನ ಬೆರಳಿಗೆ ಸೂಜಿ ಸಿಗುವುದಿಲ್ಲ ಎಂದು ಜಾರಿಕೊಂಡೆ. ಗುಂಡಿಯಿಲ್ಲದೆ ಕುಡಿಯಲು ಭಾವನ ಸ್ವಾಭಿಮಾನ ಬಿಡಲಿಲ್ಲ. ಬಾಟಲಿಗೆ ಮುಚ್ಚಳ ಹಾಕಿ, ಸೂಜಿಗೆ ಬೈದು, ಮಲಗಿದರು. ದಿನ ಕಳೆದಂತೆ ಗೆರೆಯೂ ಕೊಂಚ ನೆಟ್ಟಗಾಯಿತು. ನಾವು ಗೆದ್ದೆವೆಂದೇ ಎಣಿಸಿದೆವು.

ಆದರೆ ದರ್ಜಿಯ ತಲೆ, ಸುಮ್ಮನಿರುತ್ತದೆಯೇ? ಮೊದಲು ಗುಂಡಿಯ ಗಾತ್ರ ಬದಲಾಯಿತು. ಇದು ಕೋಟಿನ ಗುಂಡಿ, ದೊಡ್ಡದು, ಒಂದಕ್ಕೆ ಎರಡು ಪೆಗ್ ಎಂದು ವಾದಿಸಿದರು. ಅಕ್ಕ ತಳ್ಳಿಹಾಕಿದಳು. ಟಿಚ್ ಬಟನ್ನಿಗೆ ಎರಡು ಭಾಗವಿದೆ, ಜೋಡಿ ಸೇರಿದರಷ್ಟೇ ಒಂದು ಎಂದರು. ಅದನ್ನೂ ತಳ್ಳಿಹಾಕಿದಳು. ಆಮೇಲೆ ವಾದವೇ ನಿಂತುಹೋಯಿತು. ಮೂರನೆಯ ಗುಂಡಿಯೂ ಸಲೀಸಾಗಿ ಕೂರತೊಡಗಿತು, ನಾಲ್ಕನೆಯದೂ. ಕೈ ಪಳಗಿದೆ ಎಂದರು ಭಾವ. ನಾನು ಪೆದ್ದ, ನಂಬಿದೆ. ಆಮೇಲೆ ತಿಳಿದ ನಿಜ ಏನೆಂದರೆ, ಬೆಳಿಗ್ಗೆ ಅಂಗಡಿಯಲ್ಲಿ ಮೈಮೇಲೆ ಎಚ್ಚರವಿದ್ದಾಗಲೇ ಒಂದು ಸಾಲು ಸೂಜಿಗಳಿಗೆ ದಾರ ಪೋಣಿಸಿ, ತಾವು ತೊಟ್ಟ ಅಂಗಿಯ ಕಾಲರಿನ ಒಳಗೆ ಚುಚ್ಚಿಟ್ಟುಕೊಂಡು ಮನೆಗೆ ಬರುತ್ತಿದ್ದರು.

ಅಷ್ಟರಲ್ಲಿ ವಕೀಲರು ಹೊಸ ಬಟ್ಟೆ ತಂದರು. ಒಳ್ಳೆಯ ಉಣ್ಣೆ, ಕಪ್ಪು, ಮತ್ತೆ ಸಿಗುವಂಥದ್ದಲ್ಲ. ಭಾವ ಅದನ್ನು ಮೇಜಿನ ಮೇಲೆ ಹರಡಿದರು. ನಾನೂ ಅಕ್ಕನೂ ಅಲ್ಲೇ ಇದ್ದೆವು. ಚಾಕ್ ಇಟ್ಟರು. ಗೆರೆ ನಡುಗಿತು. ಒರೆಸಿ ಮತ್ತೆ ಎಳೆದರು. ಮತ್ತೆ ನಡುಗಿತು. ಕತ್ತರಿ ಕೈಗೆತ್ತಿಕೊಂಡಾಗ ಅದರ ಅಲಗುಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ಅದು ಎಲ್ಲರಿಗೂ ಕೇಳಿಸಿತು.

ಭಾವ ಕತ್ತರಿ ಕೆಳಗಿಟ್ಟರು.

"ಸಾರ್, ಇವತ್ತು ಕತ್ತರಿ ಹಾಕಲ್ಲ. ಒಂದು ತಿಂಗಳು ಬಿಟ್ಟು ಬನ್ನಿ. ಕುಡಿದು ಕುಡಿದು ಕೈ ಹಾಳಾಗಿದೆ. ಅವತ್ತು ನಿಮ್ಮ ಕೈಗೆ ಏನೂ ಆಗಿರಲಿಲ್ಲ. ತಪ್ಪು ನಂದೇ."

ವಕೀಲರು ಬಟ್ಟೆಯನ್ನು ಮಡಿಚಿ ಮೇಜಿನ ಮೇಲೇ ಇಟ್ಟರು. ಆಮೇಲೆ ಬಾಗಿಲ ಕಡೆ ನೋಡಿಕೊಂಡು, ದನಿ ತಗ್ಗಿಸಿ, "ನಿಮ್ಮ ಮನೇಲಿ ಗುಂಡಿ ಅಂಗಿ ಇದೆಯಂತಲ್ಲ, ನನ್ನ ಅಳತೆಗೂ ಒಂದು ಕೊಡಿ. ತುಂಬು ತೋಳಿಂದೇ ಇರಲಿ," ಎಂದರು.

ವಕೀಲರು ಹೋದ ಮೇಲೆ ಭಾವ ತಮ್ಮ ಕಾಲರ್ ಮಡಿಚಿ, ಸೂಜಿಗಳನ್ನು ಒಂದೊಂದಾಗಿ ಕಿತ್ತು ಅಕ್ಕನ ಅಂಗೈಗೆ ಹಾಕಿದರು. ಅಕ್ಕ ಬೈಯಲಿಲ್ಲ. ಪ್ರತಿ ಸೂಜಿಯ ದಾರವನ್ನೂ ಎಳೆದು ತೆಗೆದಳು.

ಆ ತಿಂಗಳು ಸುಲಭವಾಗಿರಲಿಲ್ಲ. ಭಾವ ಬೆವರಿದರು, ರೇಗಿದರು, ಒಂದು ದಿನ ನನಗೆ ಮಹಡಿ ಬಿಟ್ಟು ತೊಲಗು ಎಂದರು, ಮಾರನೆಯ ದಿನ ಕಾಫಿ ತಂದುಕೊಟ್ಟರು. ಡಾಕ್ಟರಮ್ಮನ ಹತ್ತಿರ ತಾವೇ ಹೋಗಿಬಂದರು. ಗುಂಡಿಗಳು ಎರಡಕ್ಕೆ ಇಳಿದವು, ಆಮೇಲೆ ಒಂದಕ್ಕೆ. ಕೆಲವು ಸಂಜೆ ಅಂಗಿಯ ಹತ್ತಿರ ಯಾರೂ ಹೋಗಲಿಲ್ಲ.

ವಕೀಲರು ಬಂದರು. ಉಣ್ಣೆಯ ಆ ತುದಿಯನ್ನು ಅಕ್ಕ ಹಿಡಿದಳು. ಭಾವ ಗೆರೆ ಎಳೆದರು, ಕತ್ತರಿ ಇಟ್ಟರು. ಕತ್ತರಿ ಈ ತುದಿಯಿಂದ ಆ ತುದಿಗೆ, ಅಕ್ಕನ ಬೆರಳಿನ ತನಕ, ಎಲ್ಲೂ ನಿಲ್ಲದೆ ಹೋಯಿತು. ಅಕ್ಕ ಬಟ್ಟೆ ಬಿಟ್ಟು ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು.

ಭಾವ ಗಾಬರಿಯಾದರು. "ಏನಾಯ್ತೇ? ತಪ್ಪಾಯ್ತಾ?"

"ಇಲ್ಲಾರೀ. ಸರಿಯಾಯ್ತು."

ಭಾವ ಕತ್ತರಿ ಹಿಡಿದುಕೊಂಡೇ ಅವಳ ಪಕ್ಕ ಕೂತರು. ಇಂಥ ಹೊತ್ತಿನಲ್ಲಿ ಗಿರಾಕಿ ಏನು ಮಾಡಬೇಕೆಂದು ವಕೀಲರಿಗೆ ಗೊತ್ತಾಗಲಿಲ್ಲ. ನನ್ನ ಮುಖ ನೋಡಿದರು, ಪ್ಯಾಂಟನ್ನು ಕೊಂಚ ಮೇಲೆಳೆದುಕೊಂಡು ತಾವೂ ನೆಲದ ಮೇಲೆ ಕೂತರು.