ಹಿಂದಿನ ಸೀಟಿನ ಪಾಲು

ತಕ್ಕಡಿ ರಿಪೇರಿ ಮಾಡುವ ಅವನಿಗೆ ಗುಲಗಂಜಿ ಎಂಬ ಅಡ್ಡಹೆಸರು ಬಿದ್ದದ್ದು ಅಂಗಡಿಯವರ ಬಾಯಿಂದ. ಕೈತಕ್ಕಡಿಯಾಗಲಿ, ಕರೆಂಟಿನ ತೂಕದ ಯಂತ್ರವಾಗಲಿ, ಒಂದು ಗುಲಗಂಜಿಯಷ್ಟೂ ಆಚೀಚೆ ಆಗದಂತೆ ಕೂಡಿಬರುವವರೆಗೆ ಅವನು ಅಂಗಡಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ. "ಸಾಕು ಬಿಡಪ್ಪ, ನಾನು ಮಾರೋದು ಈರುಳ್ಳಿ, ಚಿನ್ನ ಅಲ್ಲ" ಎಂದು ತರಕಾರಿಯವನು ಅಂಗಲಾಚಿದರೂ ಸ್ಕ್ರೂ ತಿರುಗಿಸುತ್ತಲೇ ಇರುತ್ತಿದ್ದ.

ಹೊಸ ಬೈಕು ಕೊಂಡ ವರ್ಷ ಅವನು ತೆರಿಗೆಯ ಕಾಗದಗಳನ್ನು ಹಿಡಿದು ಆಡಿಟರಮ್ಮನ ಬಳಿಗೆ ಹೋದ. ಅವರು ಕಾಗದಗಳನ್ನು ತಿರುವಿಹಾಕಿ, "ಬೈಕು ನಿಮ್ಮ ಕಸುಬಿನ ಖರ್ಚಲ್ವೇನ್ರೀ? ಪೆಟ್ರೋಲು, ಸರ್ವಿಸು, ವಿಮೆ, ಗಾಡಿ ಸವೆಯೋದು, ಎಲ್ಲ ತೋರಿಸ್ಬಹುದು. ಆದ್ರೆ ಕೆಲಸಕ್ಕೆ ಎಷ್ಟು ಓಡುತ್ತೆ, ಸ್ವಂತಕ್ಕೆ ಎಷ್ಟು ಓಡುತ್ತೆ, ಬೇರೆ ಮಾಡಿ ಕೊಡಿ. ಒಂದು ತಿಂಗಳು ಡೈರಿ ಬರೀರಿ. ಅಂದಾಜಾದ್ರೂ ನಡೆಯುತ್ತೆ" ಎಂದರು.

ಅಂದಾಜು! ಆ ಮಾತು ಅವನ ಕಿವಿಗೆ ಬೈಗುಳದಂತೆ ಬಡಿಯಿತು.

ಡೈರಿ ಮೊದಮೊದಲು ಸಲೀಸಾಗಿ ಸಾಗಿತು. ಅಂಗಡಿಗಳಿಗೆ ಸುತ್ತಿದ್ದು ಕೆಲಸ; ಅಮ್ಮನ ಮಾತ್ರೆ ತರಲು ಹೋದದ್ದು ಸ್ವಂತ. ತೊಡಕು ಇದ್ದದ್ದು ಬೆಳಗಿನ ಒಂಬತ್ತು ಕಿಲೋಮೀಟರಿನಲ್ಲಿ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಉಪಕರಣಗಳ ಪೆಟ್ಟಿಗೆಯನ್ನು ಪಕ್ಕಕ್ಕೆ ಬಿಗಿದು, ಅವನು ಮಾರುಕಟ್ಟೆಗೆ ಹೊರಡುತ್ತಿದ್ದ. ಗ್ರಂಥಾಲಯವಿದ್ದದ್ದು ಮಾರುಕಟ್ಟೆಯ ಎದುರಿಗೇ. ಒಂದೇ ದಾರಿ, ಒಂದೇ ಪೆಟ್ರೋಲು. ಅದರಲ್ಲಿ ಕೆಲಸವೆಷ್ಟು, ಸ್ವಂತವೆಷ್ಟು?

ಆ ಇಪ್ಪತ್ತು ನಿಮಿಷ ಅವರ ಸಂಸಾರದ ಜೀವಾಳವಾಗಿತ್ತು. ಮನೆಯೆಂದರೆ ಎರಡು ಕೋಣೆ. ಒಂದರಲ್ಲಿ ಪರೀಕ್ಷೆಗೆ ಓದುವ ಮಗಳು, ಇನ್ನೊಂದರಲ್ಲಿ ಅಮ್ಮ. ಮಾತ್ರೆ ನುಂಗು ಎಂದರೆ ಕೇಳಿಸದ ಅಮ್ಮನಿಗೆ ಅಡುಗೆಮನೆಯ ಪಿಸುಮಾತು ಮಾತ್ರ ಅಕ್ಷರ ಬಿಡದಂತೆ ಕೇಳಿಸುತ್ತಿತ್ತು. ಹೀಗಾಗಿ ಮಗಳ ಶಾಲೆ ಬದಲಿಸುವುದು, ಅಮ್ಮನ ಕಣ್ಣಿನ ಆಪರೇಷನ್ನು, ಗಂಡಹೆಂಡಿರ ಜಗಳ, ಆಮೇಲಿನ ರಾಜಿ, ಎಲ್ಲವೂ ಇತ್ಯರ್ಥವಾಗುತ್ತಿದ್ದದ್ದು ಬೈಕಿನ ಮೇಲೆ, ಅವಳ ಗಲ್ಲ ಅವನ ಭುಜಕ್ಕೆ ತಾಗುವಷ್ಟು ಹತ್ತಿರದಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ ಗುಲಗಂಜಿ ಮಾಡಿದ್ದೇನು? ರಿಪೇರಿಗೆ ಬಂದಿದ್ದ, ಮೂಟೆ ತೂಗುವ ಯಂತ್ರವನ್ನು ಮನೆಗೆ ತಂದು ಬಾಗಿಲಲ್ಲಿಟ್ಟ. ಕೆಲಸಕ್ಕೆ ಹೊರಟಿದ್ದ ಹೆಂಡತಿಗೆ, "ಸ್ವಲ್ಪ ಹತ್ತಿ ನಿಲ್ಲೇ, ಸರಿಯಾಗಿದೆಯಾ ನೋಡ್ಬೇಕು" ಎಂದ. ಪಾಪ, ನಿಂತಳು.

ಎರಡು ದಿನದ ಮೇಲೆ ಹಾಲಿನವನ ನಂಬರು ಗುರುತು ಹಾಕಿಕೊಳ್ಳಲು ಡೈರಿ ತೆರೆದವಳ ಕಣ್ಣಿಗೆ ಈ ಸಾಲುಗಳು ಬಿದ್ದವು: "ಪೆಟ್ಟಿಗೆ, ತೂಕದ ಬಟ್ಟುಗಳು ಸೇರಿ, ಮೂವತ್ತೊಂದು ಕಿಲೋ: ಕೆಲಸ. ಹೆಂಡತಿ, ಕೈಚೀಲ ಮತ್ತು ಊಟದ ಡಬ್ಬಿ ಸೇರಿ, ಅರವತ್ತೆರಡು ಕಿಲೋ: ಸ್ವಂತ. ಆದ್ದರಿಂದ ಒಂಬತ್ತರಲ್ಲಿ ಮೂರು ಕಿಲೋಮೀಟರು ಕೆಲಸ, ಆರು ಸ್ವಂತ. ಓಡಿಸುವವನು ಎರಡೂ ಕಡೆಗೆ ಸೇರಿದವನಾದ್ದರಿಂದ ಅವನನ್ನು ಬಿಡಲಾಗಿದೆ."

"ಏನ್ರೀ ಇದು? ನನ್ನನ್ನ ತೂಕ ಹಾಕಿ ಪೆಟ್ಟಿಗೆ ಪಕ್ಕದಲ್ಲಿ ಬರೆದಿದೀರಾ?"

"ಪಕ್ಕದಲ್ಲಿ ಅಲ್ಲ ಕಣೇ, ಕೆಳಗೆ."

ಒಳಗಿನಿಂದ ಅಮ್ಮ ಕೇಳಿದರು: "ಎಷ್ಟಂತೋ ಅವಳ ತೂಕ?"

ಮರುದಿನದಿಂದ ಹೆಂಡತಿ ಬಸ್ಸು ಹಿಡಿದಳು.

ಮೊದಲ ದಿನ ಗುಲಗಂಜಿಗೆ ಒಳಗೊಳಗೇ ಹಿಗ್ಗು. ಒಂಬತ್ತಕ್ಕೆ ಒಂಬತ್ತೂ ಕೆಲಸವಾಗಿ, ಡೈರಿ ಅಷ್ಟು ಅಚ್ಚುಕಟ್ಟಾಗಿತ್ತು. ಮೂರನೆಯ ದಿನ ಸಿಗ್ನಲಿನಲ್ಲಿ ಕತ್ತು ಹಿಂದಕ್ಕೆ ಹೊರಳಿಸಿ, "ಮಗಳಿಗೆ ಟ್ಯೂಷನ್ ಬಿಡಿಸೋಣ್ವಾ, ಏನಂತೀಯ?" ಎಂದು ಖಾಲಿ ಸೀಟನ್ನು ಕೇಳಿದ. "ಎಷ್ಟನೇ ಕ್ಲಾಸು ಸಾರ್?" ಎಂದು ಪಕ್ಕದ ಸ್ಕೂಟರಿನವನು ವಿಚಾರಿಸಿದ. ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿರಲಿಲ್ಲ. ಹಾಲು ಬಂತಾ, ಬಾಗಿಲು ಹಾಕಿದ್ರಾ ಎಂಬಂಥ, ನಾಲ್ಕು ಜನ ಕೇಳಬಹುದಾದ ಮಾತುಗಳಿಗೇನೂ ಬರವಿರಲಿಲ್ಲ. ಉಳಿದವು ಅವನ ಗಂಟಲಲ್ಲೇ ಜಮೆಯಾಗುತ್ತ ಬಂದವು.

ತಿಂಗಳು ಮುಗಿಯಿತು. ಡೈರಿ ಓದಿದ ಆಡಿಟರಮ್ಮ ಕನ್ನಡಕ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ತೂಕ ಯಾರ್ರೀ ಕೇಳಿದ್ರು? ನೀವು ಹೇಗೂ ಮಾರುಕಟ್ಟೆಗೆ ಹೋಗ್ತಿದ್ರಿ. ಅವರು ಕೂತ್ರೂ ಅಷ್ಟೇ ದೂರ, ಕೂರದಿದ್ರೂ ಅಷ್ಟೇ. ಪೂರ್ತಿ ಕೆಲಸ ಅಂತಾನೇ ಬರೀರಿ. ಹೆಂಡತಿ ಲೆಕ್ಕಕ್ಕೆ ಬರಲ್ಲ."

ಅವನು ಅಲ್ಲಿಂದ ನೇರವಾಗಿ ಗ್ರಂಥಾಲಯಕ್ಕೆ ಧಾವಿಸಿದ. ಪುಸ್ತಕ ಕೊಡುವ ಮೇಜಿನ ಮೇಲೆ ಬಾಗಿ, ಏದುಸಿರು ಬಿಡುತ್ತ, "ಒಳ್ಳೇ ಸುದ್ದಿ ಕಣೇ! ಪೂರ್ತಿ ಕೆಲಸ ಅಂದ್ರು ಆಡಿಟರಮ್ಮ, ನೀನು ಲೆಕ್ಕಕ್ಕೇ ಬರಲ್ವಂತೆ!" ಎಂದ.

ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಅವಳು ಕೈಯಲ್ಲಿದ್ದ ಪುಸ್ತಕಕ್ಕೆ ತಾರೀಖಿನ ಮೊಹರನ್ನು ಮೇಜು ನಡುಗುವಂತೆ ಒತ್ತಿದಳು. "ಆವತ್ತು ಅರವತ್ತೆರಡು ಕಿಲೋ ಇದ್ದೆ. ಇವತ್ತು ಏನೂ ಇಲ್ವಾ? ಹೋಗಿ, ಇಲ್ಲಿ ಗಲಾಟೆ ಮಾಡೋ ಹಾಗಿಲ್ಲ."

ಮರುದಿನ ಬೆಳಿಗ್ಗೆ ಗುಲಗಂಜಿ ಬೈಕನ್ನೂ ಪೆಟ್ಟಿಗೆಯನ್ನೂ ಮನೆಯಲ್ಲಿ ಬಿಟ್ಟು, ಹೆಂಡತಿಯ ಹಿಂದೆಯೇ ಬಸ್ಸು ಹತ್ತಿದ. ಅವಳ ಪಕ್ಕದಲ್ಲಿ ಕೂತು, ಡೈರಿಯನ್ನು ತೆರೆದು ಅವಳ ತೊಡೆಯ ಮೇಲಿಟ್ಟ. ಅವಳು ಬಸ್ಸು ಹಿಡಿಯುವ ಮುಂಚಿನ ಎಲ್ಲ ಬೆಳಗುಗಳ ಲೆಕ್ಕವನ್ನೂ ಹೊಡೆದು ಹಾಕಿ, ಪ್ರತಿಯೊಂದು ದಿನಕ್ಕೂ ಹೊಸದಾಗಿ ಬರೆದಿದ್ದ: ಒಂಬತ್ತೂ ಸ್ವಂತ.

"ಆಡಿಟರಮ್ಮ ಪೂರ್ತಿ ಕೆಲಸ ಅಂದ್ರಲ್ಲ?"

"ಅಂದ್ರು."

"ಮತ್ತೆ ಇದು ತಪ್ಪಲ್ವಾ? ತೆರಿಗೆ ಜಾಸ್ತಿ ಬೀಳುತ್ತೆ."

"ಬೀಳ್ಲಿ. ನೀನು ಹಿಂದೆ ಕೂತಿದ್ದಾಗ ನಾನು ಮಾರುಕಟ್ಟೆಗೆ ಹೋಗ್ತಿರ್ಲಿಲ್ಲ ಕಣೇ. ನಿನ್ನ ಜೊತೆ ಹೋಗ್ತಿದ್ದೆ. ಮಾರುಕಟ್ಟೆ ಅಲ್ಲೇ ಎದುರಿಗೆ ಇತ್ತು, ಅಷ್ಟೇ."

ಅವಳು ತಟಕ್ಕನೆ ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ನಗು ಕಾಣುತ್ತಿರುವುದು ಅವಳಿಗೆ ಗೊತ್ತಾಗಲಿಲ್ಲ. ಮುಂದಿನ ಸೀಟಿನ ಅಜ್ಜಿಯೊಬ್ಬರು ಪೂರ್ತಿ ಹಿಂದಕ್ಕೆ ತಿರುಗಿ, "ಒಪ್ಕೊಂಡ್ಬಿಡಮ್ಮ, ಗಂಡಸರ ಬಾಯಲ್ಲಿ ಇಷ್ಟು ಬರೋದೇ ಹೆಚ್ಚು" ಎಂದರು.

"ನಾಳೆಯಿಂದ ಬೈಕಲ್ಲೇ ಹೋಗೋಣ" ಎಂದಳು ಹೆಂಡತಿ, ಗಂಡನಿಗಷ್ಟೇ ಕೇಳುವಂತೆ.

"ಇವತ್ತು?"

"ಇವತ್ತು ಎರಡು ಸ್ಟಾಪ್ ಮುಂಚೇನೇ ಇಳಿದು ನಡೆಯೋಣ. ನಿಮಗೆ ಬೈಯೋದು ಇನ್ನೂ ಬೇಕಾದಷ್ಟು ಬಾಕಿ ಇದೆ, ಇವರ ಮುಂದೆ ಆಗಲ್ಲ."

ಇಬ್ಬರೂ ಎದ್ದು ಬಾಗಿಲಿನತ್ತ ನಡೆದರು. ಕಿವಿ ನಿಮಿರಿಸಿ ಕೂತಿದ್ದ ಅಜ್ಜಿಗೆ ಬಹಳ ನಿರಾಸೆಯಾಯಿತು.