ಇಬ್ಬರು ಹೋಗಿ ಮೂವರು ಬರುವ ಟಿಕೆಟ್

ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಸೀನು ಅಪಶಕುನವಲ್ಲ. ಆಗಲು ಸಾಧ್ಯವೂ ಇಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಮೆಣಸಿನಕಾಯಿ ಬಂದು ಬಿದ್ದರೆ ಊರಿಗೆ ಊರೇ ಸೀನುತ್ತದೆ. ಒಂಟಿ ಸೀನು ಕೇಳಿದರೆ ಒಂದು ಗಳಿಗೆ ಕೂತು, ನೀರು ಕುಡಿದು, ಆಮೇಲೆ ಹೊರಡಬೇಕು ಎಂಬ ಶಾಸ್ತ್ರವನ್ನು ಪಾಲಿಸಹೋದರೆ ನಮ್ಮೂರಿನವರು ಯುಗಾದಿಯವರೆಗೆ ಹೊಸ್ತಿಲು ದಾಟುವಂತಿಲ್ಲ. ನಮ್ಮಲ್ಲಿ ಹೆಣ್ಣು ನೋಡುವುದು, ಬೀಗರ ಮಾತುಕತೆ ಎಲ್ಲವೂ ಸೀನುಗಳ ನಡುವೆಯೇ ನಡೆಯುತ್ತವೆ. ಆ ಮದುವೆಗಳು ಬೇರೆ ಊರಿನ ಮದುವೆಗಳಷ್ಟೇ ಚೆನ್ನಾಗಿ, ಅಥವಾ ಅಷ್ಟೇ ಕೆಟ್ಟದಾಗಿ ಸಾಗಿವೆ. ಇದನ್ನೆಲ್ಲ ನಾನು ರಾಣೆಬೆನ್ನೂರಿನಲ್ಲಿ ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ವೈಚಾರಿಕತೆ ತಾನಾಗಿ ಬೆಳೆದ ಊರಿನ ಉದಾಹರಣೆಯೆಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಕಾರಣ, ಒಂದು ವಿಮಾನದ ಟಿಕೆಟ್.

ನಮ್ಮಪ್ಪ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿಯ ದರ್ಜೆ ನೋಡುತ್ತಿದ್ದವರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಜದ ಸದ್ದಿನ ಮೇಲೆ ಅದು ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಆಯುಷ್ಯವೆಲ್ಲ ಆ ಘಾಟನ್ನೇ ಉಸಿರಾಡಿದ ಎದೆಗೆ ಇನ್ನಾದರೂ ಬಿಡುವು ಕೊಡಿ, ಸುಗ್ಗಿ ಮುಗಿಯುವ ತನಕ ಊರಿನಿಂದ ದೂರವಿರಿ ಎಂದು ಡಾಕ್ಟರು ಹೇಳಿದರು. ದೂರ ಎಂದರೆ ಹಾವೇರಿಯಲ್ಲಿರುವ ಅವ್ವನ ತಂಗಿ, ಚಿಗವ್ವನ ಮನೆ ಎಂದು ನಾವು ತಿಳಿದೆವು. ಅಪ್ಪ ಕಾಶಿ ಎಂದು ತಿಳಿದರು. ಹಳೆಯ ಗೆಳೆಯ ಬಸಣ್ಣನ ಜೊತೆ ರೈಲು ಹತ್ತಿದರು. ಮೊಣಕಾಲು ನೋವಿನ ಅವ್ವ ಮನೆಯಲ್ಲಿ ಉಳಿದಳು.

ಒಂದು ಬೆಳಿಗ್ಗೆ ಬಸಣ್ಣನ ಫೋನ್ ಬಂತು. “ತಂಗೀ, ಗಾಬರಿ ಆಗಬ್ಯಾಡ. ನಿಮ್ಮಪ್ಪಗ ರಾತ್ರಿ ಎದಿ ಹಿಡಕೊಂತು. ದವಾಖಾನ್ಯಾಗ ಅದಾನ. ಲಗೂ ಆಪರೇಶನ್ ಮಾಡಬೇಕಂತಾರ, ಇಂವ ನೋಡಿದ್ರ ಹೂಂ ಅನವಲ್ಲ.”

ಫೋನು ಅಪ್ಪನ ಕೈಗೆ ಹೋಯಿತು. ದನಿ ತಗ್ಗಿತ್ತು, ಹಟ ತಗ್ಗಿರಲಿಲ್ಲ. “ನಿಮ್ಮವ್ವನ ಮಾರಿ ನೋಡೋತನ ನಾ ಹೂಂ ಅನ್ನಂಗಿಲ್ಲ. ಕರಕೊಂಡ ಬಾ.”

ನಾಳೆ ಸಂಜೆಯ ಆಚೆಗೆ ತಡಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ರೈಲಿನಲ್ಲಿ ಅಷ್ಟರೊಳಗೆ ಮುಟ್ಟಲಾಗದು. ಉಳಿದದ್ದು ವಿಮಾನ. ನಾನು ಸಿಕ್ಕ ಬಸ್ಸು ಹಿಡಿದು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಓಡಿದೆ. ಸುದ್ದಿ ತಿಳಿದ ಚಿಗವ್ವ ಹಾವೇರಿಯಿಂದ ನನಗಿಂತ ಮೊದಲೇ ಬಂದು ಪಡಸಾಲೆಯಲ್ಲಿ ಕೂತಿದ್ದಳು.

ಆಪತ್ತಿನಲ್ಲಿ ವಿಮಾನದ ಟಿಕೆಟ್ ತೆಗೆದಿದ್ದೀರಾ ನೀವು? ಆ ಜಾಲತಾಣಗಳನ್ನು ಕಟ್ಟಿದವರಿಗೆ ಮನುಷ್ಯರು ಸಂತೋಷಕ್ಕಲ್ಲದೆ ಬೇರೆ ಯಾವುದಕ್ಕೂ ಪ್ರಯಾಣ ಮಾಡುತ್ತಾರೆಂಬ ಕಲ್ಪನೆಯೇ ಇಲ್ಲ. ನಾನು ಕಾಶಿ ಎಂದು ಒತ್ತಿದ ಕೂಡಲೇ ದೋಣಿ, ದೀಪ, ಬಣ್ಣದ ಕೊಡೆಗಳು ಮೂಡಿ, ‘ಮರೆಯಲಾಗದ ಸಂಜೆಗಳಿಗೆ ಸಿದ್ಧರಾಗಿ’ ಎಂಬ ಸಾಲು ಕುಣಿಯಿತು. ಹುಬ್ಬಳ್ಳಿಯಿಂದ ಅಲ್ಲಿಗೆ ನೇರ ವಿಮಾನ ಕಾಣಲಿಲ್ಲ. ಅದು ತೋರಿಸಿದ ಮೊದಲ ದಾರಿ ನಮ್ಮನ್ನು ಹೈದರಾಬಾದಿಗೆ ಒಯ್ದು, ಕೋಲ್ಕತ್ತಾದಲ್ಲಿ ಒಂದು ರಾತ್ರಿ ಕೂರಿಸಿ, ಮೂರನೆಯ ದಿನ ಕಾಶಿಗೆ ಇಳಿಸುತ್ತಿತ್ತು. ಅದಕ್ಕೆ ‘ಅತ್ಯುತ್ತಮ ಆಯ್ಕೆ’ ಎಂಬ ಹಸಿರು ಪಟ್ಟಿ ಬೇರೆ. ಕೊನೆಗೆ ಸಂಜೆ ಮುಂಬೈಗೆ ಹೋಗಿ, ಬೆಳಿಗ್ಗೆ ಅಲ್ಲಿಂದ ಕಾಶಿಗೆ ಹಾರುವ ದಾರಿ ಸಿಕ್ಕಿತು. ಕೆಲವೇ ಸೀಟುಗಳು ಉಳಿದಿವೆ, ಇನ್ನೂ ಹಲವರು ಇದನ್ನೇ ನೋಡುತ್ತಿದ್ದಾರೆ ಎಂದು ಅದು ಕೆಂಪಕ್ಷರದಲ್ಲಿ ಹೆದರಿಸಿತು. ನಾನು ಆಗಲೇ ಸಾಕಷ್ಟು ಹೆದರಿದ್ದೆ. ಆಮೇಲೆ ನಾನು ಯಂತ್ರವಲ್ಲವೆಂದು ಸಾಬೀತುಪಡಿಸಲು ಟ್ರಾಫಿಕ್ ಲೈಟ್ ಇರುವ ಚೌಕಗಳನ್ನೆಲ್ಲ ಗುರುತಿಸಬೇಕಿತ್ತು. ಒಂದು ಚೌಕದ ಮೂಲೆಯಲ್ಲಿ ಕಂಬದ ಚೂರೊಂದು ಇಣುಕುತ್ತಿತ್ತು. ಕಂಬವೂ ಲೈಟಿನ ಭಾಗವೇ? ಎಂ.ಎ. ಮಾಡಿದವರಿಗೆ ಇಂಥ ಸಂಶಯಗಳು ತಪ್ಪುವುದಿಲ್ಲ. ಎರಡು ಸಲ ನಾನು ಯಂತ್ರವೆಂದೇ ತೀರ್ಮಾನವಾಯಿತು.

ಕಾರ್ಡು ನಮ್ಮವರದು. ಗುಪ್ತಸಂಖ್ಯೆ ಹೋಗುತ್ತಿದ್ದದ್ದು ರಾಣೆಬೆನ್ನೂರಿನಲ್ಲಿದ್ದ ಅವರ ಫೋನಿಗೆ. ಅವರು ಸಾವಧಾನದ ಮನುಷ್ಯ. ಫೋನೆತ್ತಿದವರು ಸಂಖ್ಯೆ ಹೇಳುವ ಮೊದಲು, “ಊಟ ಆತೇನ ಎಲ್ಲಾರದೂ?” ಎಂದು ಕೇಳಿದರು. ಉತ್ತರ ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ದಾಟಿ ಮುಂದಿನ ಮಾತಿಗೆ ಹೋದವರು ಯಾರೂ ಇಲ್ಲ. ನಾನು ಆತು ಎಂದು ಸುಳ್ಳು ಹೇಳಿ ಮುಗಿಸುವಷ್ಟರಲ್ಲಿ ಆ ಸಂಖ್ಯೆಯ ಆಯುಷ್ಯ ಮುಗಿದಿತ್ತು.

ಎರಡನೆಯ ಸಂಖ್ಯೆ ಸರಿಯಾಗಿ ಬಂತು. ತುಂಬಿದೆ. ಇನ್ನೇನು ಕೊನೆಯ ಗುಂಡಿ ಒತ್ತಬೇಕು, ಅವ್ವ ಸೀನಿದಳು. ಒಂದೇ ಒಂದು.

“ತಡೀ, ಕೈ ತಗಿ,” ಎಂದಳು ಚಿಗವ್ವ. “ಒಂಟಿ ಸೀನು.”

“ಚಿಗವ್ವಾ, ಟೈಮ್ ಹೊಂಟೈತಿ.”

“ಹೋಗಲಿ. ಯಕ್ಕಾ, ಇನ್ನೊಂದು ಸೀನು. ಜೋಡಿ ಆದ್ರ ಏನೂ ಇಲ್ಲ.”

“ಹೇಳಿದ್ರ ಬರ್ತಾವೇನ ಸೀನು? ನಿಮ್ಮ ಹಾವೇರ್ಯಾಗ ಹೇಳಿಸಿಕೊಂಡ ಸೀನ್ತಾರೇನ?” ಎಂದಳು ಅವ್ವ.

ಚಿಗವ್ವ ಸೋಲುವವಳಲ್ಲ. ಅಡುಗೆಮನೆಯಿಂದ ಒಂದು ಒಣಮೆಣಸಿನಕಾಯಿ ತಂದು ಅವ್ವನ ಮೂಗಿನ ಕೆಳಗೆ ಮುರಿದಳು. ಅವ್ವನಿಗೆ ಏನೂ ಆಗಲಿಲ್ಲ. ಅವಳದು ಬ್ಯಾಡಗಿಯ ಮೂಗು. ಸೀನತೊಡಗಿದ್ದು ಸ್ವತಃ ಚಿಗವ್ವ. ಅವಳ ಹಿಂದೆ ನಾನು. ಕೊನೆಗೆ ಅವ್ವನೂ ಸೇರಿಕೊಂಡಳು. ಒಟ್ಟು ಲೆಕ್ಕ ಸಮವಾಯಿತೋ ಬೆಸವಾಯಿತೋ ಯಾರಿಗೂ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಪರದೆಯ ಮೇಲೆ ‘ಕ್ಷಮಿಸಿ, ನಿಮ್ಮ ಅವಧಿ ಮುಗಿದಿದೆ’ ಎಂದಿತ್ತು. ಅಪ್ಪ ಅಲ್ಲಿ ಎದೆ ಹಿಡಿದುಕೊಂಡು ಮಲಗಿರುವಾಗ ಓದುವಂಥ ವಾಕ್ಯವಲ್ಲ ಅದು. ಮತ್ತೆ ಮೊದಲಿಂದ ಹೊರಟಾಗ ಟಿಕೆಟ್ಟಿನ ದರ, ಮಳೆ ಬಂದ ಮರುದಿನದ ಹೊಳೆಯಂತೆ ಏರಿತ್ತು.

ಇಲ್ಲಿ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ, ಆದರೆ ಆ ದಿನದ ಪುಟದಲ್ಲಿ ನೆಟ್‌ವರ್ಕಿಗೆ ಹಾಕಿದ ಶಾಪ ಬಿಟ್ಟರೆ ಬೇರೇನೂ ಇಲ್ಲ. ತಡವಾದದ್ದು ಚಿಗವ್ವನಿಂದ ಎಂದು ನಾನು ಬಹಳ ದಿನ ಎಲ್ಲರಿಗೂ ಹೇಳಿ ನಗಿಸಿದೆ. ಒಮ್ಮೆ ಅವಳೆದುರಿಗೇ ಹೇಳಿದಾಗ ಅವಳು ಅಡಿಕೆ ಕತ್ತರಿಸುತ್ತ, “ಖರೇ ಹೇಳಲಾ? ನಾ ಬಾಯಿ ಬಿಡೂಕಿಂತ ಮೊದಲ ನೀನ ಬೆರಳ ಎತ್ತಿದ್ದಿ,” ಎಂದಳು. ಇರಲಾರದು ಎಂದೆ. ಇದ್ದೀತು. ಅಪ್ಪ ಚೆನ್ನಾಗಿರುವಾಗ ವಿಚಾರವಂತಳಾಗಿರುವುದು ಸುಲಭ.

ಮತ್ತೆ ಎಲ್ಲ ವಿವರ ತುಂಬಿದೆ. ಈ ಸಲ ಅವ್ವ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತಳು. ಪರದೆಯ ಮೇಲಿದ್ದ ಬಾಣದ ಗುರುತನ್ನು ತೋರಿಸಿ ಇದೇನು ಎಂದಳು. ಒಂದೇ ಕಡೆಯ ಟಿಕೆಟ್ಟು ಎಂದೆ.

“ಕಾಶಿಗೆ ಹೋಗೂದಷ್ಟ ತಗಸ್ತಿ?”

ನನಗೆ ಅದು ಹೊಳೆದೇ ಇರಲಿಲ್ಲ. ಮನೆಯ ಮುಂದಿನ ಕಿರಾಣಿ ಅಂಗಡಿಗೆ ಹೊರಟವರೂ ‘ಹೋಗಿ ಬರ್ತೀನಿ’ ಎನ್ನುವ ನಾಡು ನಮ್ಮದು. ಬರೀ ‘ಹೋಗ್ತೀನಿ’ ಎಂದವರನ್ನು ಬಾಗಿಲಿನಿಂದ ಕರೆದು ಮಾತು ತಿದ್ದಿಸುತ್ತೇವೆ. ಅದರಲ್ಲೂ ಕಾಶಿ. ಹಿಂದಿನವರು ಕಾಶಿಗೆ ಹೊರಟರೆ ಮನೆಮಂದಿ ಊರ ಹೊರಗಿನ ತನಕ ಅಳುತ್ತ ಹೋಗಿ ಕಳಿಸುತ್ತಿದ್ದರಂತೆ, ಬಂದರೆ ಬಂದರು. ಮರಳಿ ಬರುವುದು ಖಾತ್ರಿಯಿದ್ದದ್ದು ಕೆಲವರ ಮದುವೆಯಲ್ಲಿ ಕೊಡೆ ಹಿಡಿದು ಕಾಶಿಗೆ ಹೊರಡುವ ಮದುಮಗನಿಗೆ ಮಾತ್ರ. ಅವನನ್ನು ತಿರುಗಿಸಲು ಹೆಣ್ಣಿನ ಕಡೆಯವರು ಬಾಗಿಲಲ್ಲೇ ನಿಂತಿರುತ್ತಾರೆ.

ಸರಿ, ಹೋಗಿ ಬರುವ ಟಿಕೆಟ್ಟು. ಮರಳುವ ದಿನಾಂಕ ಯಾವುದು ಎಂದು ಜಾಲತಾಣ ಕೇಳಿತು. ಬೆರಳು ತಿಂಗಳ ಮನೆಗಳ ಮೇಲೆ ನಿಂತುಬಿಟ್ಟಿತು. ಬೇಗದ ದಿನ ಒತ್ತಿದರೆ ಒಂದು ಅರ್ಥ, ತಡವಾದದ್ದನ್ನು ಒತ್ತಿದರೆ ಇನ್ನೊಂದು. ಇದನ್ನು ಡಾಕ್ಟರೂ ಹೇಳಲಾರರು, ನನ್ನನ್ನು ಕೇಳುತ್ತಿದೆಯಲ್ಲ ಇದು.

“ಅಮಾಸಿ ಮುಗದ ಮ್ಯಾಲ ಸೋಮಾರ ಹಾಕು,” ಎಂದಳು ಅವ್ವ, ದರ್ಜಿಗೆ ಅಳತೆ ಹೇಳಿದಂತೆ. “ಎಷ್ಟು ಮಂದಿದು ತಗದಿ?”

“ಇಬ್ಬರದಬೇ. ನಿಂದು, ನಂದು.”

“ಬರೂದೂ ಇಬ್ಬರದ? ನಿಮ್ಮಪ್ಪ ಏನ ನಡಕೋತ ಬರ್ತಾನೇನ?”

ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ಅಳುವಿಗೋ ಗೊತ್ತಾಗಲಿಲ್ಲ. ನಾನು ಆ ಪುಟದ ಮೂಲೆ ಮೂಲೆ ಹುಡುಕಿದೆ. ಶಿಶುವಿಗೆ ಜಾಗವಿತ್ತು, ಗಾಲಿಕುರ್ಚಿಗೆ ಇತ್ತು, ಸಂಗೀತ ವಾದ್ಯಕ್ಕೂ ಇತ್ತು. ಇಬ್ಬರು ಹೋಗಿ ಮೂವರು ಬರುವುದಕ್ಕೆ ಮಾತ್ರ ಎಲ್ಲೂ ಜಾಗವಿರಲಿಲ್ಲ. ಹೋದವರಷ್ಟೇ ಬರಬೇಕು ಎಂದು ಅದು ಹಟ ಹಿಡಿದಿತ್ತು. ಅಪ್ಪನ ಹಟವಾದರೂ ಅರ್ಥವಾಗುವಂಥದ್ದು.

ಕೊನೆಗೆ, ಹೋಗುವುದು ಬೇರೆ, ಬರುವುದು ಬೇರೆ ಎಂದು ಎರಡು ಸಲ ತೆಗೆದೆ. ಎರಡು ಸಲವೂ ಕಂಬ, ಚೌಕ, ಊಟ ಆತೇನ. ಅಪ್ಪನ ಹೆಸರು ತುಂಬುವಾಗ ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಡುಗಿತೋ ಇಲ್ಲವೋ ನೆನಪಿಲ್ಲ. ಅವ್ವ, “ಅವಗ ಕಿಟಕಿ ಕೊಡು,” ಎಂದದ್ದು ನೆನಪಿದೆ.

ಪಕ್ಕದ ಮನೆಯ ಮೆಹಬೂಬಭಾಯಿ ತಮ್ಮ ಕಾರಿನಲ್ಲಿ ಹುಬ್ಬಳ್ಳಿಗೆ ಬಿಟ್ಟರು. ಮರುದಿನ ಮುಂಬೈಯಲ್ಲಿ, ಕಾಶಿಯ ಮಂಜು ಸರಿಯುವ ತನಕ ವಿಮಾನ ಏಳುವುದಿಲ್ಲ ಎಂದರು. ಅವ್ವ ಕುರ್ಚಿಯ ಅಂಚಿನಲ್ಲಿ, ಬಸ್ಸು ಬಂದರೆ ಓಡಲು ತಯಾರಾದವಳಂತೆ ಕೂತೇ ಇದ್ದಳು. ನಾವು ಆಸ್ಪತ್ರೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಪ್ಪ ಅವ್ವನನ್ನು ನೋಡಿ, “ವಿಮಾನ ಹತ್ತಿದ್ರೂ ಮಾರಿ ಹಂಗ ಐತಲ್ಲ,” ಎಂದರು.

“ಬಾಯಿ ಮುಚಕೊಂಡ ಹೂಂ ಅನ್ನು,” ಎಂದಳು ಅವ್ವ.

ಹೂಂ ಎನ್ನಲು ಬಾಯಿ ತೆರೆಯಬೇಕಾಗಿಲ್ಲವಲ್ಲ. ಅಪ್ಪ ಹೂಂ ಅಂದರು.

ಆಪರೇಶನ್ ಆಯಿತು. ಚೇತರಿಕೆ ಮಾತ್ರ ಅವ್ವನ ಅಮಾವಾಸ್ಯೆಯನ್ನು ಕೇಳಲಿಲ್ಲ. ಸೋಮವಾರ ಬಂದಾಗ ಅಪ್ಪ ಇನ್ನೂ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದರು. ದಿನ ಬದಲಿಸಲು ನಾನು ಫೋನಿನೊಂದಿಗೆ ಇಡೀ ಬೆಳಿಗ್ಗೆ ಜಗಳಾಡಿದೆ. ಒಂದು ಯಂತ್ರ ನನ್ನನ್ನು ಇನ್ನೊಂದು ಯಂತ್ರಕ್ಕೆ ಒಪ್ಪಿಸುತ್ತ ಹೋಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದ ಅವ್ವ ಕೇಳಿದಳು, “ನಮ್ಮ ವಿಮಾನ ಹೋತೇನ?”

“ಹೋತಬೇ. ಮೂರೂ ಸೀಟು ಖಾಲಿ.”

“ಹೋಗಲಿ ಬಿಡು. ನಾವು ಮೂರು ಮಂದಿ ಬರವರದೀವಿ ಅಂತ ಅವರಿಗೆ ಗೊತ್ತಾತಲ್ಲ, ಸಾಕು.”

ಆಮೇಲೆ ನಾವು ಮೂವರೂ ರೈಲಿನಲ್ಲಿ ಬಂದೆವು; ಬಸಣ್ಣ ಮೊದಲೇ ಊರಿಗೆ ಮರಳಿದ್ದರು. ಅಪ್ಪನಿಗೆ ಕಿಟಕಿ. ಸುಗ್ಗಿ ಮುಗಿಯುವ ತನಕ ಅವರು ಹಾವೇರಿಯಲ್ಲಿ ಚಿಗವ್ವನ ಸುಪರ್ದಿಯಲ್ಲಿದ್ದರು. ಅಲ್ಲಿ ಒಂಟಿಯಾಗಿ ಸೀನುವುದಕ್ಕೆ ಅವರಿಗೆ ಪರವಾನಗಿ ಇರಲಿಲ್ಲ.

ಅವ್ವನೂ ನಾನೂ ಅವರನ್ನು ನೋಡಲು ಹೋಗಿದ್ದ ದಿನ ವಿಮಾನದವರಿಂದ ನನ್ನ ಫೋನಿಗೆ ಒಂದು ಸಂದೇಶ ಬಂತು. ಕಾಶಿಯಿಂದ ಹುಬ್ಬಳ್ಳಿಗೆ ನಿಮ್ಮ ಮೂವರ ಪ್ರಯಾಣ ಹೇಗಿತ್ತು, ದಯವಿಟ್ಟು ಚುಕ್ಕಿ ಕೊಟ್ಟು ತಿಳಿಸಿ ಎಂದು. ನಾವು ಹತ್ತದ ವಿಮಾನ. ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡು ಬರೆಯಲು ಕೂತೆ. ಏನದು ಎಂದು ಅವ್ವ ಕೇಳಿದಳು. ಹೇಳಿದೆ. ಅವಳು ಒಮ್ಮೆ ಅಪ್ಪನ ಕಡೆ ನೋಡಿದಳು. ಅವರು ಕಟ್ಟೆಯ ಮೇಲೆ ಕೂತು, ಚಿಗವ್ವನ ಕಣ್ಣು ತಪ್ಪಿಸಿ ಎಲ್ಲಿಂದಲೋ ಸಂಪಾದಿಸಿದ ಒಂದು ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು.

“ಚಲೋ ಆತು ಅಂತ ಬರಿ,” ಎಂದಳು ಅವ್ವ.

ನಾನು ಬೈಗುಳಗಳನ್ನೆಲ್ಲ ಅಳಿಸಿ ಐದೂ ಚುಕ್ಕಿ ಒತ್ತಿದೆ. ಯಾರೂ ಸೀನಲಿಲ್ಲ.