ಗೌರಿ ನೆನೆಹಾಕಿದ ಒಣದ್ರಾಕ್ಷಿ

ಅರವತ್ತರ ದಶಕದಲ್ಲಿ ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಒಣದ್ರಾಕ್ಷಿ ನೀರಲ್ಲಿ ನೆನೆಹಾಕಿ, ಏನಾಯಿತೆಂದು ನೋಡಿಕೊಂಡು ಬನ್ನಿ ಅಂತ ಒಂಬತ್ತನೇ ಕ್ಲಾಸಿನವರಿಗೆ ಪ್ರತಿವರ್ಷ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿ ಗುತ್ತೂರಿನಿಂದ ಒಬ್ಬರು ಹಿತ್ತಾಳೆ ಲೋಟ ಹಿಡಿದು, ನೀರು ಚೆಲ್ಲದ ಹಾಗೆ ನಡೆದುಕೊಂಡೇ ಬಂದರು. ನಮ್ಮ ಕ್ಲಾಸಿನ ಗೌರಿಯ ಅಪ್ಪ. ಹಿಂದಿನ ದಿನವಷ್ಟೇ ಮಗಳನ್ನು ಮಣ್ಣು ಮಾಡಿದ್ದರು.

"ಬಾಯಿ ಕೆಟ್ಟೈತಿ ಅಂದ್ಲು ಅಂತ ದಾವಣಗೆರೆಯಿಂದ ಒಣದ್ರಾಕ್ಷಿ ತಂದಿದ್ದೆ. ತಿನ್ನವ್ವ ಅಂದ್ರೆ ಕೇಳ್ಲಿಲ್ರಿ. ನೀರಿಗೆ ಹಾಕ್ಸಿ, ಮೇಷ್ಟ್ರಿಗೆ ತೋರಿಸ್ಬೇಕು ಅಂದ್ಲು. ಸರಿ ಬಂದೈತೇನ್ರಿ?"

ದ್ರಾಕ್ಷಿ ದುಂಡಗೆ ಉಬ್ಬಿದ್ದವು. ಸರಿ ಬಂದಿದೆ ಅಂದೆ.

"ಯಾಕ ಉಬ್ತಾವ್ರಿ?"

ಕ್ಲಾಸಿನ ಪಾಠವನ್ನೇ ಒಪ್ಪಿಸಿಬಿಟ್ಟೆ. ಒಳಗೆ ಸಕ್ಕರೆ ಜಾಸ್ತಿ, ಸಿಪ್ಪೆ ತೆಳು, ಹೊರಗಿನ ನೀರು ಅದರ ಮೂಲಕ ಒಳಗೆ ಇಳಿಯುತ್ತದೆ. ಇದಕ್ಕೆ ಅಭಿಸರಣೆ ಅಂತಾರೆ, ನಮ್ಮ ಮೈಯ ಜೀವಕೋಶಗಳಲ್ಲೂ ಹೀಗೇ ನಡೆಯುತ್ತದೆ ಅಂದೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಕಡೀಕೆ ಆಕಿ ಕಾಲು, ಮುಖ ಎಲ್ಲ ಹಿಂಗೇ ಉಬ್ಬಿದ್ವು ರೀ. ಅದು ಯಾಕ ಇಳೀಲಿಲ್ಲ?"

ನಾನು ಅವರ ಕೈಯಿಂದ ಲೋಟ ತೆಗೆದುಕೊಂಡು ಮೇಜಿನ ಮೇಲಿಟ್ಟೆ. ಅವರೇ ನನಗೆ ಸಮಾಧಾನ ಹೇಳಿದರು.

"ಇರ್ಲಿ ಬಿಡ್ರಿ ಮೇಷ್ಟ್ರೇ. ಅದು ಮುಂದಿನ ಕ್ಲಾಸಿನ ಪಾಠ ಇರ್ಬೇಕು."

ಮುಂದಿನ ಕ್ಲಾಸಿಗೂ ಜೀವಶಾಸ್ತ್ರದ ಮೇಷ್ಟ್ರು ನಾನೇ.